ವೆಸ್ಟ್ ಎಂಡ್ ಹೋಟೆಲಿನ ಕಾಲವನ್ನು ಹಳೆಯ ಕಾಗದಗಳಲ್ಲಿ ಹಿಡಿದ ಬಗೆ

ಬೆಂಗಳೂರಿನ ವೆಸ್ಟ್ ಎಂಡ್ 1887ರಲ್ಲಿ ಬ್ರಾನ್ಸನ್ ಎಂಬ ಮಹಿಳೆಯ ಹತ್ತು ಕೋಣೆಗಳ ವಸತಿಗೃಹವಾಗಿದ್ದು, ಮದರಾಸಿನ ಸ್ಪೆನ್ಸರ್ ಕಂಪನಿಯ ಕೈ ಸೇರಿ, 1984ರಲ್ಲಿ ತಾಜ್ ಸಮೂಹಕ್ಕೆ ಬಂದಿತೆಂಬುದು ಹಳೆಯ ಕಾಗದ ಕೂಡಿಡುವ ನಮ್ಮ ಸಂಗ್ರಾಹಕರಿಗೆಲ್ಲ ತಿಳಿದದ್ದೇ. ನಡುವಿನ ದಶಕಗಳನ್ನು ಇಸವಿಯಿಲ್ಲದ ಲಕೋಟೆ, ಬಿಲ್ಲು, ದರಪಟ್ಟಿಗಳಿಂದಲೇ ಜೋಡಿಸುತ್ತೇನೆಂದಾಗ ಗೆಳೆಯರು ನಕ್ಕಿದ್ದರು.

ಮೊದಲ ವರ್ಷ ಅವರು ನಕ್ಕದ್ದು ಸರಿಯೇ ಆಗಿತ್ತು. ದೂರವಾಣಿ ಸಂಖ್ಯೆಯ ಅಂಕಿಗಳನ್ನು ಎಣಿಸಿ ಕಾಲ ಹೇಳಹೋಗಿ ಸೋತೆ. ಸಂಖ್ಯೆ ಬದಲಾದ ಮೇಲೂ ಹಳೆಯ ಕಾಗದ ಮುಗಿಯುವ ತನಕ ಅದನ್ನೇ ಬಳಸುತ್ತಿದ್ದರು. ಅನಂತರ ಹಣ ಮತ್ತು ವಿಳಾಸಗಳನ್ನು ನೆಚ್ಚಿಕೊಂಡೆ. ಆಣೆಯ ಅಂಕಣವಿದ್ದರೆ 1957ರ ಏಪ್ರಿಲಿಗೂ ಹಿಂದಿನ ಅಚ್ಚು, ನಯಾ ಪೈಸೆಯಿದ್ದರೆ ಅಲ್ಲಿಂದ 1964ರ ನಡುವಿನದು. ಪಿನ್ ಕೋಡ್ ಬಂದದ್ದು 1972ರ ಆಗಸ್ಟ್ 15ರಂದು, ಮೈಸೂರು ರಾಜ್ಯ ಕರ್ನಾಟಕವಾದದ್ದು 1973ರ ನವೆಂಬರ್ 1ರಂದು. ಪಿನ್ ಕೋಡೂ ಮೈಸೂರು ರಾಜ್ಯವೆಂಬ ಹೆಸರೂ ಒಟ್ಟಿಗೆ ಅಚ್ಚಾದ ಲಕೋಟೆಯನ್ನು ಆ ಹದಿನಾಲ್ಕೂವರೆ ತಿಂಗಳಿಗೆ ಕಟ್ಟಿಹಾಕಬಹುದು. ಪಿನ್ ಅಚ್ಚಾಗಿದೆಯೋ ಹಳೆಯ ಲಕೋಟೆಯ ಮೇಲೆ ಆಮೇಲೆ ಒತ್ತಿದ ರಬ್ಬರ್ ಮೊಹರೋ ಎಂದು ನೋಡದೆ ನಾನೇ ಒಮ್ಮೆ ಮೋಸಹೋಗಿದ್ದೇನೆ.

ಆರು ವರ್ಷಗಳಲ್ಲಿ ಸುಮಾರು 40 ಸಾವಿರ ರೂಪಾಯಿ ಕರಗಿತು. ಅದರಲ್ಲಿ ನಾಲ್ಕೂವರೆ ಸಾವಿರ, ಪ್ರಯಾಣಿಕರ ಪೆಟ್ಟಿಗೆಗೆ ಅಂಟಿಸುವ ಹೋಟೆಲಿನ ಒಂದೇ ಲೇಬಲ್ಲಿಗೆ ಹೋಯಿತು. ಅದು ಈಚಿನ ನಕಲಾಗಿತ್ತು. ನಕಲನ್ನು ಗುರುತಿಸುವ ಬಗೆ ಈಗ ನನಗೆ ಗೊತ್ತು, ಆದರೆ ಇಲ್ಲಿ ಬರೆಯಲಾರೆ, ಏಕೆಂದರೆ ನಕಲು ಮಾಡುವವರೂ ಇದನ್ನು ಓದುತ್ತಾರೆ.

ನಡುವೆ, ಇಪ್ಪತ್ತು ಎಕರೆ ತೋಟದ ಮಳೆಮರಗಳ ಸುತ್ತಳತೆಯಿಂದ ಹಳೆಯ ಚಿತ್ರಗಳ ಕಾಲ ಹೇಳಲು ಹೊರಟು ಎರಡು ತಿಂಗಳು ವ್ಯರ್ಥ ಮಾಡಿದೆ. ಬಿಲ್ಲುಗಳು ಮಾತ್ರ ನಿರೀಕ್ಷೆಗಿಂತ ಹೆಚ್ಚು ಕೊಟ್ಟವು. ನನ್ನ ಕಟ್ಟಿನಲ್ಲಿ ಆಣೆ ಕಾಲದ ಬಿಲ್ಲುಗಳು ಬಹುಪಾಲು ವ್ಯಕ್ತಿಗಳ ಹೆಸರಿನಲ್ಲಿವೆ, ಅದರಲ್ಲೂ ಕೊಡಗಿನ ತೋಟಗಾರರದು ಹೆಚ್ಚು; ನಯಾ ಪೈಸೆಯ ಕಾಲಕ್ಕೆ ಕಂಪನಿಗಳ ಹೆಸರು ತುಂಬಿಕೊಳ್ಳುತ್ತದೆ. 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಎಂಬ ಸರ್ಕಾರಿ ಕಾರ್ಖಾನೆಗಳು ಬಂದು ಊರು ಬದಲಾದದ್ದು, ಕುದುರೆ ಜೂಜಿನ ಮೈದಾನದ ಎದುರಿನ ಈ ಹೋಟೆಲಿನ ಲೆಕ್ಕಪತ್ರದಲ್ಲೂ ಕಾಣುತ್ತದೆಂದು ನಾನು ಧೈರ್ಯವಾಗಿ ಹೇಳಬಲ್ಲೆ.

ಅಂದು ಎಲ್ಲರಿಗಿಂತ ಜೋರಾಗಿ ನಕ್ಕವರೇ ಕಳೆದ ತಿಂಗಳು ಎಂಟು ಲಕೋಟೆ ತಂದಿದ್ದರು. ಐದರ ಕಾಲ ಹೇಳಿದೆ. ಉಳಿದವುಗಳಲ್ಲಿ ರೇಸ್ ಕೋರ್ಸ್ ರಸ್ತೆ ಎಂದಷ್ಟೇ ಇದೆ. ಆ ಹೆಸರು 2023ರಲ್ಲಿ ಅಂಬರೀಶ್ ರಸ್ತೆಯಾಗುವವರೆಗೂ ಬದಲಾಗದ್ದರಿಂದ ಅವು ಇನ್ನೂ ನನ್ನ ಮೇಜಿನ ಮೇಲಿವೆ.