ವೋಚರ್ ಕೋಣೆಯಲ್ಲಿ ಕಲಿತದ್ದು

2011ರ ಬೇಸಿಗೆ. ಸಮಾಜಕಾರ್ಯದ ಸ್ನಾತಕೋತ್ತರ ಪದವಿಯ, ಅಂದರೆ ಎಂಎಸ್‌ಡಬ್ಲ್ಯೂ, ಕೊನೆಯ ಸೆಮಿಸ್ಟರಿನ ಪರೀಕ್ಷೆ ಮುಗಿದಿತ್ತು, ಒಂದು ಸಂಸ್ಥೆಯಲ್ಲಿದ್ದು ಕೆಲಸ ಕಲಿಯುವ ಬ್ಲಾಕ್ ಪ್ಲೇಸ್‌ಮೆಂಟ್ ಬಾಕಿ ಇತ್ತು. ಕೊಪ್ಪಳ ಜಿಲ್ಲೆಯ ಒಂದು ಸಣ್ಣ ಸ್ವಯಂಸೇವಾ ಸಂಸ್ಥೆಗೆ ನನ್ನನ್ನು ಹಾಕಿದರು. ಕುಷ್ಟಗಿ ಕಡೆಯ ಹಳ್ಳಿಗಳಿಂದ ಮಂಗಳೂರು, ಉಡುಪಿ, ಗೋವಾಕ್ಕೆ ದುಡಿಯಲು ಹೋಗುವ ಕುಟುಂಬಗಳ ಮಕ್ಕಳು ಶಾಲೆ ಬಿಡದಂತೆ ನೋಡಿಕೊಳ್ಳುವುದು ಆ ಸಂಸ್ಥೆಯ ಕೆಲಸ. ಹೊಸ ಡೈರಿ, ನೀರಿನ ಬಾಟಲಿ, ತಲೆಗೊಂದು ಟೋಪಿ ಎಲ್ಲವನ್ನೂ ಹೊಂದಿಸಿಕೊಂಡು ಹೋದೆ. ಕಚೇರಿಯಲ್ಲಿ ಲೆಕ್ಕ ಬರೆಯುವವರೊಬ್ಬರಿದ್ದರು, ಎಲ್ಲರಿಗೂ ಅವರು ಕಾಕಾ. ಅವರು ನನ್ನನ್ನೂ ನನ್ನ ಟೋಪಿಯನ್ನೂ ನೋಡಿ, "ಊರುಗಳಿಗೆ ಆಮೇಲೆ ಹೋಗುವೆಯಂತೆ ತಂಗಿ, ಆಡಿಟ್ ಹತ್ತಿರ ಬಂದಿದೆ. ವೋಚರ್ ಹಚ್ಚಬೇಕು, ಕೂತುಕೋ" ಎಂದರು.

ನನಗೆ ಸಿಟ್ಟು ಬಂತು. ಎರಡು ವರ್ಷ, ವಾರಕ್ಕೆರಡು ದಿನ ಕ್ಷೇತ್ರಕಾರ್ಯ ಮಾಡಿ ಬಂದವಳು ನಾನು. ಸಮುದಾಯ ಸಂಘಟನೆಯ ಪತ್ರಿಕೆಯಲ್ಲಿ ತರಗತಿಗೇ ಹೆಚ್ಚು ಅಂಕ. ಅಂಥವಳು ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು ವೋಚರ್ ಎಂಬ ಖರ್ಚಿನ ಚೀಟಿಗಳಿಗೆ ಬಸ್ ಟಿಕೆಟ್ ಅಂಟಿಸುವುದೇ? ವಿಭಾಗದ ಮೇಡಂಗೆ ಫೋನ್ ಮಾಡಿ ದೂರು ಹೇಳಿದೆ. "ಸಂಸ್ಥೆ ಹೇಳಿದ್ದನ್ನು ಮಾಡಮ್ಮ" ಎಂದು ಅವರು ಫೋನ್ ಇಟ್ಟರು.

ಎರಡನೆಯ ವಾರದ ಹೊತ್ತಿಗೆ ಟಿಕೆಟ್‌ಗಳು ಮಾತಾಡತೊಡಗಿದವು. ಸಂಸ್ಥೆ ಕೆಲಸ ಮಾಡುತ್ತಿದ್ದದ್ದು ಹನ್ನೊಂದು ಹಳ್ಳಿಗಳಲ್ಲಿ. ತಿಂಗಳ ವರದಿಯಲ್ಲಿ ಹನ್ನೊಂದಕ್ಕೂ "ನಿಯಮಿತ ಭೇಟಿ" ಎಂದಿತ್ತು. ನನ್ನ ಕೈಯಲ್ಲಿದ್ದ ಟಿಕೆಟ್‌ಗಳು ಎಂಟು ಹಳ್ಳಿಗಳವು ಮಾತ್ರ. ಉಳಿದ ಮೂರಕ್ಕೆ ವರ್ಷವಿಡೀ ಒಂದೂ ಇಲ್ಲ. ಕಳ್ಳತನ ಹಿಡಿದೆನೆಂಬ ಉತ್ಸಾಹದಲ್ಲಿ ಕಾಕಾನ ಮುಂದೆ ಇಟ್ಟೆ. ಅವರು ಕನ್ನಡಕ ತೆಗೆದು ಒರೆಸಿದರು. "ಆ ಮೂರೂ ಊರಿಗೆ ಬಸ್ಸಿಲ್ಲ. ಬೈಕಿನ ಮೇಲೆ ಹೋಗಬೇಕು. ನಮ್ಮ ಬಜೆಟ್‌ನಲ್ಲಿ ಬಸ್ ಚಾರ್ಜಿಗೆ ಲೆಕ್ಕಶೀರ್ಷಿಕೆ ಇದೆ, ಪೆಟ್ರೋಲಿಗೆ ಇಲ್ಲ. ಹುಡುಗರು ಮೊದಲು ಕೈಯಿಂದ ಹಾಕಿಕೊಂಡು ಹೋದರು. ಎಷ್ಟು ದಿನ ಹಾಕುತ್ತಾರೆ?"

ಬಸ್ಸಿಲ್ಲದ ಊರಿನ ಮಕ್ಕಳೇ ಎಲ್ಲರಿಗಿಂತ ಮೊದಲು ಶಾಲೆ ಬಿಡುವವರು. ಅವರನ್ನು ಕೈಬಿಡಬೇಕೆಂದು ಯಾರೂ ಯಾವ ಸಭೆಯಲ್ಲೂ ತೀರ್ಮಾನಿಸಿರಲಿಲ್ಲ. ಬೆಂಗಳೂರಿನಲ್ಲೋ ಇನ್ನೆಲ್ಲೋ ಕೂತು ಬಜೆಟ್ ಬರೆದವರೊಬ್ಬರು ಒಂದು ಸಾಲು ಬರೆಯದೆ ಬಿಟ್ಟಿದ್ದರು, ಅಷ್ಟೇ. ನಾಯಕತ್ವವೆಂದರೆ ಜನರ ಮುಂದೆ ನಿಂತು ಮಾತಾಡುವುದು ಎಂದುಕೊಂಡಿದ್ದ ನನಗೆ ಆ ಮಧ್ಯಾಹ್ನ ಸ್ವಲ್ಪ ತಲೆ ತಿರುಗಿತು.

ಸಮಾಜ ಕಲ್ಯಾಣ ಆಡಳಿತದ ಪತ್ರಿಕೆಯಲ್ಲಿ ಇದು ನಮಗೆ ಇರಲಿಲ್ಲವೆಂದಲ್ಲ. ಅಮೆರಿಕದ ಆಡಳಿತ ತಜ್ಞ ಲೂಥರ್ ಗುಲಿಕ್ 1937ರಲ್ಲಿ ಆಡಳಿತದ ಏಳು ಕೆಲಸಗಳ ಇಂಗ್ಲಿಷ್ ಹೆಸರುಗಳ ಮೊದಲಕ್ಷರ ಸೇರಿಸಿ ಕಟ್ಟಿಕೊಟ್ಟ "ಪೋಸ್ಡ್‌ಕಾರ್ಬ್" ಎಂಬ ಮಂತ್ರವನ್ನು ಎಂಎಸ್‌ಡಬ್ಲ್ಯೂ ಓದಿದ ಯಾರನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಾರೆ: ಯೋಜನೆ, ಸಂಘಟನೆ, ಸಿಬ್ಬಂದಿ, ನಿರ್ದೇಶನ, ಸಮನ್ವಯ, ವರದಿ, ಬಜೆಟ್. ಬಜೆಟ್ ಕೊನೆಯ ಅಕ್ಷರ. ಸೆಮಿಸ್ಟರ್ ಮುಗಿಯುವ ಗಡಿಬಿಡಿಯಲ್ಲಿ ಅದಕ್ಕೆ ಸಿಕ್ಕದ್ದು ಅರ್ಧ ಗಂಟೆ.

ಪದವಿ ಮುಗಿದ ಮೇಲೆ ಅದೇ ಸಂಸ್ಥೆಗೆ ಕ್ಷೇತ್ರ ಸಂಯೋಜಕಿಯಾಗಿ ಸೇರಿದೆ, ತಿಂಗಳಿಗೆ ಆರೂವರೆ ಸಾವಿರ ಸಂಬಳ. ಗೆಳತಿಯರಲ್ಲಿ ಇಬ್ಬರು ಮುಂದೆ ಓದಲು ದೊಡ್ಡ ಸಂಸ್ಥೆಗಳಿಗೆ ಅರ್ಜಿ ಹಾಕುತ್ತಿದ್ದರು. ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆ 1936ರಿಂದ ಇದೆ, ಗ್ರಾಮೀಣ ನಿರ್ವಹಣೆ ಕಲಿಸುವ ಆಣಂದದ ಇರ್ಮಾ ಶುರುವಾದದ್ದು 1979ರಲ್ಲಿ. ಬೆಂಗಳೂರಿನಲ್ಲಿ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಆಗ ತಾನೇ ಶುರುವಾಗಿತ್ತು. ಅಲ್ಲಿ ಓದಿ ಬಂದವರ ಜೊತೆ ಆಮೇಲೆ ಕೆಲಸ ಮಾಡಿದ್ದೇನೆ. ಅವರಿಗೆ ಗೊತ್ತಿದ್ದ ಎಷ್ಟೋ ವಿಷಯ ನನಗೆ ಗೊತ್ತಿರಲಿಲ್ಲ. ಆದರೆ ಅಪ್ಪನ ಎರಡೆಕರೆ ಒಣಭೂಮಿಯ ಮೇಲೆ ಇನ್ನೆರಡು ವರ್ಷ ಓದುವ ಧೈರ್ಯ ನನಗಿರಲಿಲ್ಲ. ನನ್ನ ಎರಡನೆಯ ಓದು ಕಾಕಾನ ಕೋಣೆಯಲ್ಲೇ ಆಗಬೇಕಿತ್ತು.

ಹಾಗಾಗಿ ನಾನೇ ಒಂದು ಕ್ರಮ ಮಾಡಿಕೊಂಡೆ. ಶನಿವಾರ ಮಧ್ಯಾಹ್ನ ಊರುಗಳ ಕೆಲಸ ಮುಗಿಸಿ ಬಂದು ಎರಡು ತಾಸು ಕಾಕಾನ ಪಕ್ಕ ಕೂರುವುದು. ಮೊದಲ ವರ್ಷ ನಗದು ಪುಸ್ತಕ ಮತ್ತು ಖಾತೆ ಪುಸ್ತಕ. ಮುಂಗಡ ಪಡೆದು ಲೆಕ್ಕ ಕೊಡದವರ ಪಟ್ಟಿಯಲ್ಲಿ ನನ್ನ ಹೆಸರೇ ಮೇಲಿದ್ದದ್ದು ಆಗಲೇ ತಿಳಿದದ್ದು. ಎರಡನೆಯ ವರ್ಷ ಆದಾಯ ತೆರಿಗೆ: ಸಂಸ್ಥೆಗೆ ತೆರಿಗೆ ವಿನಾಯಿತಿ ಕೊಡುವ 12ಎ ಎಂದರೇನು, ದಾನಿಗೆ ವಿನಾಯಿತಿ ಕೊಡುವ 80ಜಿ ಎಂದರೇನು, ವರ್ಷದ ಆದಾಯದ ಶೇ 85ರಷ್ಟನ್ನು ಉದ್ದೇಶಕ್ಕೇ ಬಳಸಬೇಕು ಎಂಬ ನಿಯಮದಿಂದ ಮಾರ್ಚ್ ತಿಂಗಳಲ್ಲಿ ಎಲ್ಲ ಸಂಸ್ಥೆಗಳೂ ಏಕೆ ಒಮ್ಮೆಲೇ ತರಬೇತಿ ಶಿಬಿರ ಇಟ್ಟುಕೊಳ್ಳುತ್ತವೆ. ಇದನ್ನು ಹೇಳುವಾಗ ಕಾಕಾ ನಗುತ್ತಿದ್ದರು, ನನಗೆ ನಗು ಬರಲಿಲ್ಲ. ಉಳಿದದ್ದು ಇಂಗ್ಲಿಷ್. ಕನ್ನಡ ಮಾಧ್ಯಮದವಳಿಗೆ ಯೋಜನಾ ಪ್ರಸ್ತಾವನೆ ಬರೆಯುವುದೆಂದರೆ ಜ್ವರ. ಹಳೆಯ ಪ್ರಸ್ತಾವನೆಗಳನ್ನು ಕೈಯಾರೆ ನಕಲು ಮಾಡಿ ಮಾಡಿ ರೂಢಿಸಿಕೊಂಡೆ. ಇಂದಿಗೂ ಮೊದಲು ಕನ್ನಡದಲ್ಲೇ ಬರೆಯುತ್ತೇನೆ. ಕನ್ನಡದಲ್ಲಿ ಬರೆದಾಗ ಪೊಳ್ಳಾಗಿ ಕಂಡದ್ದನ್ನು ಇಂಗ್ಲಿಷಿಗೆ ದಾಟಿಸುವುದೇ ಇಲ್ಲ, ಅದರಿಂದ ಪುಟಗಳು ಬಹಳ ಕಡಿಮೆಯಾಗುತ್ತವೆ.

ಮೂರನೆಯ ವರ್ಷ ಕಾಕಾ ಬೀರುವಿನಿಂದ ನಡಾವಳಿ ಪುಸ್ತಕ ತೆಗೆದು ಕೊಟ್ಟರು. ಇದರ ಬಗ್ಗೆ ಸ್ವಲ್ಪ ಉದ್ದಕ್ಕೆ ಹೇಳಬೇಕು.

ಕರ್ನಾಟಕದಲ್ಲಿ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಒಂದು ಸಂಘ ಕಟ್ಟಲು ಕನಿಷ್ಠ ಏಳು ಜನ ಬೇಕು. ನಮ್ಮ ಸಂಸ್ಥಾಪಕರಾದ ಸರ್ ಏಳು ಜನರನ್ನು ಹೊಂದಿಸಿದ್ದರು: ಅವರು, ಅವರ ಶ್ರೀಮತಿ, ಭಾವಮೈದುನ, ಇಬ್ಬರು ಸಹಪಾಠಿಗಳು, ಮನೆ ಮಾಲೀಕರು, ಪರಿಚಯದ ಒಬ್ಬ ವಕೀಲರು. ಸರ್ ಪ್ರಾಮಾಣಿಕರು, ಹದಿನೈದು ವರ್ಷ ಒಂದು ಪೈಸೆ ಮುಟ್ಟಿದವರಲ್ಲ. ಆದರೆ ನಡಾವಳಿ ಪುಸ್ತಕದ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಒಂದೇ ವಾಕ್ಯ: "ಸಭೆಯಲ್ಲಿ ಚರ್ಚಿಸಿ ಸರ್ವಾನುಮತದಿಂದ ಅಂಗೀಕರಿಸಲಾಯಿತು." ಏನು ಚರ್ಚಿಸಿದರು, ಯಾರು ಏನೆಂದರು ಎಂಬುದು ಎಲ್ಲೂ ಇಲ್ಲ. ಚರ್ಚೆ ನಡೆದಿದ್ದರಲ್ಲವೇ? ಸರ್ವಸದಸ್ಯರ ಸಭೆಯಾದ ಹದಿನಾಲ್ಕು ದಿನದೊಳಗೆ ಆಡಳಿತ ಮಂಡಳಿಯ ಪಟ್ಟಿ ಮತ್ತು ಲೆಕ್ಕಪತ್ರ ನೋಂದಣಿ ಕಚೇರಿಗೆ ಸಲ್ಲಬೇಕು. ಅದಕ್ಕಾಗಿ ಕಾಕಾ ನಡಾವಳಿ ಬರೆದು, ಮನೆ ಮನೆಗೆ ಸೈಕಲ್ ತುಳಿದು ಸಹಿ ತರುತ್ತಿದ್ದರು. ದಾನಿಗಳ ಪರಿಚಯ, ಅಧಿಕಾರಿಗಳ ಪರಿಚಯ, ಮುಂದಿನ ವರ್ಷದ ಹಣ ಎಲ್ಲಿಂದ ಎಂಬ ಅಂದಾಜು ಎಲ್ಲವೂ ಸರ್ ತಲೆಯೊಳಗೆ.

ಅದೇ ವೇಳೆ ನಾನು ವಾರವಾರ ನೋಡುತ್ತಿದ್ದ ಮಹಿಳಾ ಸ್ವಸಹಾಯ ಸಂಘಗಳಲ್ಲಿ ಏನು ನಡೆಯುತ್ತಿತ್ತು? ಹಿಂದಿನ ವಾರದ ಠರಾವನ್ನು ಓದಿ ಹೇಳದೆ ಹೊಸ ಸಭೆ ಶುರುವಾಗುತ್ತಿರಲಿಲ್ಲ. "ನಾನು ಹಾಗೆ ಅಂದೇ ಇಲ್ಲ, ಹೊಡೆದು ಹಾಕು" ಎಂದು ಓದು ಬಾರದ ಹೆಂಗಸೊಬ್ಬಳು ಪುಸ್ತಕ ಬರೆಯುವ ಹುಡುಗಿಗೆ ಗದರಿಸಿದ್ದನ್ನು ನಾನೇ ಕಂಡಿದ್ದೇನೆ. 1980ರ ದಶಕದಲ್ಲಿ ಮೈರಾಡದಂಥ ಸಂಸ್ಥೆಗಳು ನಮ್ಮ ರಾಜ್ಯದ ಹಳ್ಳಿಗಳಲ್ಲಿ ಬೆಳೆಸಿದ, 1992ರಲ್ಲಿ ರಾಷ್ಟ್ರೀಯ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿ ಬ್ಯಾಂಕಾದ ನಬಾರ್ಡ್ ಇತರ ಬ್ಯಾಂಕುಗಳಿಗೆ ಜೋಡಿಸಲು ಹೊರಟ ಪದ್ಧತಿ ಅದು. ಹೆಂಗಸರಿಗೆ ನಾವು ಕಲಿಸಿದ ಶಿಸ್ತನ್ನು ನಾವು ಪಾಲಿಸುತ್ತಿರಲಿಲ್ಲ.

ಇದನ್ನು ಸರ್‌ಗೆ ಹೇಳಲು ನನಗೆ ಎರಡು ವರ್ಷ ಹಿಡಿಯಿತು. ಹೇಳಿದಾಗ ಅವರಿಗೆ ನೋವಾಯಿತು. "ನನ್ನ ಮೇಲೆ ನಂಬಿಕೆ ಇಲ್ಲವೇನಮ್ಮ?" ಎಂದರು. ನಂಬಿಕೆಯ ಪ್ರಶ್ನೆಯಲ್ಲ ಎಂದು ವಿವರಿಸಲು ಹೋಗಿ ಇನ್ನಷ್ಟು ಕೆಡಿಸಿದೆ. ಒಂದು ತಿಂಗಳು ಅವರು ನನ್ನೊಡನೆ ಅಷ್ಟಕ್ಕಷ್ಟೇ ಮಾತಾಡಿದರು. ಆಮೇಲೆ ತಾವೇ ಕರೆದು, "ಮಂಡಳಿಗೆ ಹೊಸಬರು ಯಾರಿದ್ದಾರೆ ಹೇಳು" ಎಂದರು. ನಿವೃತ್ತ ಮುಖ್ಯೋಪಾಧ್ಯಾಯಿನಿಯೊಬ್ಬರು, ನಿವೃತ್ತ ಬ್ಯಾಂಕ್ ಮ್ಯಾನೇಜರೊಬ್ಬರು ಬಂದರು. ಮೂರನೆಯವಳು ಠರಾವು ಹೊಡೆದು ಹಾಕಿಸಿದ ಆ ಹೆಂಗಸು. ಮಂಡಳಿಯಲ್ಲಿ ಅತ್ಯಂತ ತೊಂದರೆ ಕೊಡುವ ಪ್ರಶ್ನೆಗಳು ಇವತ್ತಿಗೂ ಅವಳವೇ.

2020 ಬಂತು. ಲಾಕ್‌ಡೌನ್ ಆಗಿ, ದುಡಿಯಲು ಹೋದವರೆಲ್ಲ ಊರಿಗೆ ವಾಪಸಾಗಿ, ಶಾಲೆ ಮುಚ್ಚಿ, ನಾವು ದಿನಸಿ ಕಿಟ್ ಹಂಚುತ್ತಿದ್ದ ಕಾಲ. ಸೆಪ್ಟೆಂಬರ್ ಕೊನೆಯಲ್ಲಿ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ ತಿದ್ದುಪಡಿಯಾಯಿತು. ಆಡಳಿತ ವೆಚ್ಚದ ಮಿತಿ ಶೇ 50ರಿಂದ ಶೇ 20ಕ್ಕೆ ಇಳಿಯಿತು. ವಿದೇಶಿ ಹಣ ಬರುವ ಖಾತೆಯನ್ನು ಎಲ್ಲರೂ ದೆಹಲಿಯ ಸಂಸದ್ ಮಾರ್ಗದ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲೇ ತೆರೆಯಬೇಕಾಯಿತು. ಇವೆರಡನ್ನೂ ಹೇಗೋ ನಿಭಾಯಿಸಬಹುದಿತ್ತು. ಮೂರನೆಯದು ನಮ್ಮ ಬುಡಕ್ಕೇ ಬಂತು: ಒಂದು ಸಂಸ್ಥೆ ಪಡೆದ ವಿದೇಶಿ ಹಣವನ್ನು ಇನ್ನೊಂದಕ್ಕೆ, ಆ ಇನ್ನೊಂದಕ್ಕೆ ಅದೇ ಕಾಯ್ದೆಯಡಿ ನೋಂದಣಿ ಇದ್ದರೂ, ವರ್ಗಾಯಿಸುವಂತಿಲ್ಲ. ನಮ್ಮ ಬಜೆಟ್ಟಿನ ಮೂರರಲ್ಲಿ ಎರಡು ಪಾಲು ಬೆಂಗಳೂರಿನ ದೊಡ್ಡ ಸಂಸ್ಥೆಯೊಂದರಿಂದ ಹಾಗೆ ಬರುತ್ತಿದ್ದದ್ದು. ಅವರದೇನೂ ತಪ್ಪಿರಲಿಲ್ಲ. ಒಂದು ಪತ್ರ ಬಂತು, ಹಣ ನಿಂತಿತು.

ಸರ್‌ಗೆ ಆಗಲೇ ಹೃದಯದ ತೊಂದರೆ. ಆ ರಾತ್ರಿ ನಾನು, ಕಾಕಾ ಇಬ್ಬರೇ ಕೂತು ಖಾತೆ ಪುಸ್ತಕ ಬಿಚ್ಚಿದೆವು. ಒಂದು ತಾಸಿನಲ್ಲಿ ಲೆಕ್ಕ ಸಿಕ್ಕಿತು: ಒಂಬತ್ತು ಜನ ಸಿಬ್ಬಂದಿಗೆ ನಾಲ್ಕು ತಿಂಗಳ ಸಂಬಳ ಇದೆ, ಐದನೆಯ ತಿಂಗಳಿಗೆ ಇಲ್ಲ. ಆ ಲೆಕ್ಕ ಅಷ್ಟು ಬೇಗ ಸಿಕ್ಕಿದ್ದಕ್ಕೆ ಶನಿವಾರದ ಪಾಠಗಳೇ ಕಾರಣ.

ಆದರೆ ಲೆಕ್ಕ ಸಿಕ್ಕ ಮೇಲೆ ನಾನು ಮಾಡಿದ ತಪ್ಪನ್ನು ಯಾವ ಪುಸ್ತಕವೂ ತಡೆಯಲಿಲ್ಲ. ಇಪ್ಪತ್ತು ದಿನ ಸಿಬ್ಬಂದಿಗೆ ಹೇಳಲಿಲ್ಲ. ಏನಾದರೂ ದಾರಿ ಸಿಗುತ್ತದೆ, ಸುಮ್ಮನೆ ಗಾಬರಿ ಏಕೆ ಎಂದುಕೊಂಡೆ. ಆ ಇಪ್ಪತ್ತು ದಿನದೊಳಗೆ ನಮ್ಮ ಒಬ್ಬ ಕಾರ್ಯಕರ್ತನಿಗೆ ಬೇರೆ ಕಡೆ ಕೆಲಸ ಸಿಕ್ಕಿತ್ತು. "ಇಲ್ಲಿ ಮಕ್ಕಳನ್ನು ನಡುವೆ ಬಿಟ್ಟು ಹೋಗುವುದು ಬೇಡ" ಎಂದು ಅವನು ಅದನ್ನು ಬಿಟ್ಟುಕೊಟ್ಟ. ಜನವರಿಯಲ್ಲಿ ಅವನನ್ನೇ ಮನೆಗೆ ಕಳಿಸಬೇಕಾಯಿತು. ಈಗ ಅವನು ಗಂಗಾವತಿಯಲ್ಲಿ ಅಂಗಡಿ ಇಟ್ಟುಕೊಂಡಿದ್ದಾನೆ, ಎದುರಾದರೆ "ಅಕ್ಕ, ಚಹಾ ಕುಡಿದು ಹೋಗಿ" ಎನ್ನುತ್ತಾನೆ. ನಾನು ಕುಡಿಯುತ್ತೇನೆ. ಅವನು ಆ ಮಾತು ಎತ್ತುವುದಿಲ್ಲ.

2021ರಲ್ಲಿ ಸರ್ ಹುದ್ದೆ ಬಿಟ್ಟರು, ಮಂಡಳಿ ನನ್ನನ್ನು ಕೂರಿಸಿತು. ನಾಲ್ವರು ಉಳಿದಿದ್ದೆವು. ಹಣ ಹುಡುಕುತ್ತ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ (ಸಿಎಸ್‌ಆರ್) ವಿಭಾಗಗಳ ಬಾಗಿಲು ತಟ್ಟಿದೆ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ತೆಗೆದಿಡಬೇಕು. ಒಂದು ಕಡೆ ಅಧಿಕಾರಿಯೊಬ್ಬರು ನಮ್ಮ ಬಜೆಟ್ ನೋಡಿ, "ಆಡಳಿತ ವೆಚ್ಚ ಶೇ 5ಕ್ಕಿಂತ ಹೆಚ್ಚು ಕೊಡುವಂತಿಲ್ಲ, ನಿಯಮ" ಎಂದು ಲೆಕ್ಕ ಬರೆಯುವವರ ಸಂಬಳ ಹೊಡೆದು ಹಾಕಿದರು. ನಾನು ನಿಯಮಾವಳಿಯ ಪ್ರತಿಯನ್ನು ಚೀಲದಲ್ಲೇ ಇಟ್ಟುಕೊಂಡಿದ್ದೆ. ಆ ಶೇ 5ರ ಮಿತಿ ಕಂಪನಿ ತನ್ನ ಸಿಎಸ್‌ಆರ್ ವಿಭಾಗ ನಡೆಸಲು ಮಾಡುವ ಖರ್ಚಿಗೆ, ಯೋಜನೆಯ ಅನುಷ್ಠಾನಕ್ಕೆ ನೇರವಾಗಿ ತಗಲುವ ಖರ್ಚಿಗಲ್ಲ. ಸಾಲು ತೋರಿಸಿದೆ. ಅವರು ಎರಡು ಸಲ ಓದಿ, ತಮ್ಮ ಹಣಕಾಸು ವಿಭಾಗಕ್ಕೆ ಕಳಿಸಿದರು. ಅರ್ಧ ಸಂಬಳ ಮಂಜೂರಾಯಿತು. ಪೆಟ್ರೋಲ್ ಸಾಲನ್ನೂ ಸೇರಿಸಿದ್ದೆ, ಅದು ಪೂರ್ತಿ ಬಂತು.

ಈಗ ಪ್ರತಿ ಬೇಸಿಗೆ ಇಬ್ಬರು ಮೂವರು ಎಂಎಸ್‌ಡಬ್ಲ್ಯೂ ವಿದ್ಯಾರ್ಥಿಗಳು ಬ್ಲಾಕ್ ಪ್ಲೇಸ್‌ಮೆಂಟಿಗೆ ಬರುತ್ತಾರೆ. ಕಾಕಾ ಈಗಿಲ್ಲ. ವೋಚರ್ ಹಚ್ಚುವ ಕೆಲಸವನ್ನೂ ಕಂಪ್ಯೂಟರ್ ಅರ್ಧ ತಿಂದಿದೆ. ಆದರೂ ಮೊದಲ ವಾರ ಅವರನ್ನು ಅದೇ ಕೋಣೆಯಲ್ಲಿ ಕೂರಿಸುತ್ತೇನೆ, ಕಿಟಕಿಯೊಂದನ್ನು ಮಾತ್ರ ಹಾಕಿಸಿದ್ದೇನೆ. ಹೋದ ವರ್ಷದ ಒಂದು ತಿಂಗಳ ಖರ್ಚು ಕೊಟ್ಟು, "ವರದಿ ಓದಬೇಡಿ, ಇದನ್ನು ನೋಡಿ ನಾವು ಏನು ಮಾಡುತ್ತೇವೆ ಹೇಳಿ" ಎನ್ನುತ್ತೇನೆ. ಕೆಲವರಿಗೆ ನನ್ನಂತೆಯೇ ಸಿಟ್ಟು ಬರುತ್ತದೆ. ಹೋದ ವರ್ಷ ಒಬ್ಬ ಹುಡುಗ ಮೂರನೆಯ ದಿನವೇ ಬೇರೆ ಸಂಸ್ಥೆ ಕೇಳಿಕೊಂಡು ಹೋದ. ಅವನು ಒಳ್ಳೆಯ ಕಾರ್ಯಕರ್ತನೇ ಆಗುತ್ತಾನೆ, ಅದರಲ್ಲಿ ಅನುಮಾನವಿಲ್ಲ. ಸಂಬಳದ ಪಟ್ಟಿಯನ್ನೂ ನಾನು ಮುಚ್ಚಿಡುವುದಿಲ್ಲ. ನನ್ನದೂ ಸೇರಿ ಎಲ್ಲರದೂ ಅದರಲ್ಲಿರುತ್ತದೆ, ಯಾವ ಯೋಜನೆ ಯಾವ ತಿಂಗಳು ಮುಗಿಯುತ್ತದೆ ಎಂಬುದೂ.

ಎರಡನೆಯ ವಾರ ಬಸ್ಸಿಲ್ಲದ ಊರು. ಮೂರನೆಯ ವಾರ, ಹೊಂದಿದರೆ, ಮಂಡಳಿಯ ಸಭೆ.

ಈ ಸಲದ ಸಭೆಯ ನಡಾವಳಿ ಬರೆಯಲು ಯಲಬುರ್ಗಾ ಕಡೆಯ ವಿದ್ಯಾರ್ಥಿನಿಯೊಬ್ಬಳನ್ನು ಕೂರಿಸಿದ್ದೆ. ನಾಲ್ಕನೆಯ ವಿಷಯ ನಾನೇ ಹಾಕಿಸಿದ್ದು: ಇನ್ನು ನಾಲ್ಕು ವರ್ಷಕ್ಕೆ ನಾನು ಹುದ್ದೆ ಬಿಡುತ್ತೇನೆ, ನನ್ನ ನಂತರ ಯಾರು. ಬ್ಯಾಂಕ್ ಮ್ಯಾನೇಜರರು ನಕ್ಕರು. ಮುಖ್ಯೋಪಾಧ್ಯಾಯಿನಿಯವರು ಈಗಲೇ ಏಕೆ ಆ ಮಾತು ಎಂದರು. ಠರಾವು ಹೊಡೆದು ಹಾಕಿಸಿದ ಆಕೆ ಮಾತ್ರ ಬಿಡಲಿಲ್ಲ. "ಹೋಗುತ್ತೀಯ ಎಂದ ಮೇಲೆ ಕಲಿಸು. ಕಂಪನಿಯವರ ಹತ್ತಿರ ಹೋಗುವಾಗ ಇನ್ನು ಮೇಲೆ ಒಬ್ಬಳೇ ಹೋಗಬೇಡ, ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗು. ಇದನ್ನು ಬರೆಯಿರಿ" ಎಂದಳು. ನನ್ನ ಬಳಿ ಉತ್ತರವಿರಲಿಲ್ಲ. ಐದು ವರ್ಷ ಒಬ್ಬಳೇ ಹೋಗಿದ್ದೆ. ಎಲ್ಲ ಪರಿಚಯವೂ ಈಗ ನನ್ನ ತಲೆಯೊಳಗೆ.

ಸಭೆ ಮುಗಿದ ಮೇಲೆ ವಿದ್ಯಾರ್ಥಿನಿ ಪುಸ್ತಕ ತಂದು ತೋರಿಸಿದಳು. ಅಕ್ಷರ ಮುದ್ದಾಗಿತ್ತು. ನಾಲ್ಕನೆಯ ವಿಷಯದ ಮುಂದೆ ಬರೆದಿದ್ದಳು: "ಚರ್ಚಿಸಲಾಯಿತು."

"ಯಾರು ಏನು ಅಂದರು ಬರಿ" ಎಂದೆ.

"ನಿಮ್ಮ ವಿಷಯವೂ ಬರೆಯಬೇಕೇ ಮೇಡಂ? ನೀವು ಸುಮ್ಮನಿದ್ದಿರಲ್ಲ, ಅದು?"

"ಅದನ್ನೂ ಬರಿ" ಎಂದು ಪೆನ್ನು ಕೊಟ್ಟೆ.