ಕ್ಯಾಶುವಾಲ್ಟಿಯಲ್ಲಿ ಕೈ ಎತ್ತುವ ಮುಂಚೆ, ಎತ್ತಿದ ಮೇಲೆ

ರಾತ್ರಿ ಡ್ಯೂಟಿ ಮಾಡಿದವರಿಗೆ ಗೊತ್ತು. ಒಬ್ಬ ಪೇಷಂಟ್, ಜೊತೆಗೆ ಹತ್ತು ಜನ. ಒಳಗೆ ಒಬ್ಬ ಡ್ಯೂಟಿ ಡಾಕ್ಟರ್, ಇಬ್ಬರು ಸಿಸ್ಟರ್‌ಗಳು, ಬಾಗಿಲಲ್ಲಿ ವಯಸ್ಸಾದ ಒಬ್ಬ ಸೆಕ್ಯೂರಿಟಿ. ನಾನು ಸ್ಟಾಫ್ ನರ್ಸ್. ಪೇಷಂಟ್ ಕಡೆಯವರು ನಮ್ಮ ಮೇಲೆ ಕೈ ಎತ್ತದ ಹಾಗೆ ಏನು ಮಾಡಬೇಕು, ಎತ್ತಿದರೆ ಏನು ಮಾಡಬೇಕು ಅಂತ ಹೊಸದಾಗಿ ಕ್ಯಾಶುವಾಲ್ಟಿಗೆ, ಅಂದರೆ ತುರ್ತು ಚಿಕಿತ್ಸೆಯ ವಿಭಾಗಕ್ಕೆ, ಬರುವ ಹುಡುಗಿಯರಿಗೆ ಮೊದಲ ದಿನ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಡ್ಯೂಟಿ ತಗೊಂಡ ಕೂಡಲೇ ರೂಮು ನೋಡಿ. ನೀವು ಕೂರುವ ಕುರ್ಚಿಗೂ ಬಾಗಿಲಿಗೂ ನಡುವೆ ಬೇರೆಯವರು ನಿಲ್ಲುವಂತಿದ್ದರೆ ಮೇಜು ತಿರುಗಿಸಿ. ಸ್ಟೆತಸ್ಕೋಪ್ ಕೊರಳಲ್ಲಿ ಬೇಡ, ಜೇಬಿನಲ್ಲಿರಲಿ. ಐಡಿ ಕಾರ್ಡಿನ ದಾರ ಎಳೆದರೆ ಬಿಚ್ಚಿಕೊಳ್ಳುವಂಥದ್ದಾಗಿರಲಿ. ಡ್ರೆಸ್ಸಿಂಗ್ ಟ್ರೇಯನ್ನು ಕೆಲಸ ಮುಗಿದ ತಕ್ಷಣ ಒಳಗಿಡಿ. 2023ರ ಮೇ 10ರಂದು ಕೇರಳದ ಕೊಟ್ಟಾರಕ್ಕರ ತಾಲ್ಲೂಕು ಆಸ್ಪತ್ರೆಯಲ್ಲಿ ಹೌಸ್ ಸರ್ಜನ್ (ತರಬೇತಿಯಲ್ಲಿರುವ ಡಾಕ್ಟರ್) ಆಗಿದ್ದ ಹುಡುಗಿಯನ್ನು ಕೊಂದದ್ದು ಆಸ್ಪತ್ರೆಯದೇ ಕತ್ತರಿಯಿಂದ. ಕೊಂದವನನ್ನು ಆಸ್ಪತ್ರೆಗೆ ಕರೆತಂದಿದ್ದವರು ಪೊಲೀಸರೇ. ಹಾಗಾಗಿ ಪೊಲೀಸರು ಪಕ್ಕದಲ್ಲಿದ್ದಾರೆ ಅಂತ ಮೈಮರೆಯಬೇಡಿ.

ಈಗ ಮುಖ್ಯ ವಿಷಯ. ನಾನು ನೋಡಿದ ಜಗಳಗಳಲ್ಲಿ ಹೆಚ್ಚಿನವು ಶುರುವಾದದ್ದು ಚಿಕಿತ್ಸೆಯಿಂದಲ್ಲ, ಕಾಯುವುದರಿಂದ. ಒಳಗೆ ಏನಾಗುತ್ತಿದೆ ಅಂತ ಹೊರಗಿನವರಿಗೆ ಗೊತ್ತಿರುವುದಿಲ್ಲ. ಒಂದು ರಾತ್ರಿ ಎದೆನೋವು ಅಂತ ಅಪ್ಪನನ್ನು ಕರೆತಂದವನೊಬ್ಬ ನನ್ನ ಕೈಯಲ್ಲಿದ್ದ ರಿಜಿಸ್ಟರ್ ಕಿತ್ತುಕೊಂಡು ಟೇಬಲ್ ಮೇಲೆ ಬಡಿದ. "ಏನ್ರೀ ಸಿಸ್ಟರ್, ಅಪ್ಪ ಅಲ್ಲಿ ಒದ್ದಾಡ್ತಿದಾರೆ, ನೀವು ಬರೀತಾ ಕೂತಿದೀರಲ್ಲ!" ಅಷ್ಟರಲ್ಲಿ ಇಸಿಜಿ ಆಗಿತ್ತು, ಡಾಕ್ಟರ್ ನೋಡಿದ್ದರು, ರಕ್ತ ಲ್ಯಾಬಿಗೆ ಹೋಗಿತ್ತು. ಅವನಿಗೆ ಕಂಡದ್ದು ನನ್ನ ಪೆನ್ನು ಮಾತ್ರ. ಎದ್ದು ಪಕ್ಕಕ್ಕೆ ನಿಂತು, ಆಗಿದ್ದನ್ನೆಲ್ಲ ಒಂದೊಂದಾಗಿ ಹೇಳಿದೆ. "ರಿಪೋರ್ಟ್ ಬರೋಕೆ ಟೈಮ್ ಹಿಡಿಯುತ್ತೆ ಅಣ್ಣ, ಹನ್ನೆರಡೂವರೆಗೆ ನಾನೇ ಬಂದು ಹೇಳ್ತೀನಿ" ಅಂದೆ. ಹನ್ನೆರಡೂವರೆಗೆ ರಿಪೋರ್ಟ್ ಬಂದಿರಲಿಲ್ಲ. ಆದರೂ ಹೋಗಿ, ಇನ್ನೂ ಬಂದಿಲ್ಲ ಅಂತ ಹೇಳಿ ಬಂದೆ. ಅವನು ಬೆಂಚಿನ ಮೇಲೆ ಕೂತ. "ನೋಡ್ತೀವಿ ಕೂತ್ಕೊಳ್ಳಿ" ಅಂದಿದ್ದರೆ ಕೂರುತ್ತಿರಲಿಲ್ಲ.

ಹತ್ತು ಜನಕ್ಕೂ ಉತ್ತರ ಕೊಡಲು ಹೋಗಬೇಡಿ. "ಇವರಿಗೆ ಹತ್ತಿರದವರು ಯಾರು?" ಅಂತ ಕೇಳಿ, ಅವರೊಬ್ಬರ ಜೊತೆ ಮಾತಾಡಿ. ಜಾಸ್ತಿ ಕೂಗಾಡುವವನು ಸಾಮಾನ್ಯವಾಗಿ ಮಗನೂ ಅಲ್ಲ, ಅಳಿಯನೂ ಅಲ್ಲ, ತಡವಾಗಿ ಬಂದ ಪಕ್ಕದ ಬೀದಿಯ ಯಾರೋ ಆಗಿರುತ್ತಾನೆ! ಅವನಿಗೆ ತಾನೂ ಏನಾದರೂ ಮಾಡಿದೆ ಅಂತ ತೋರಿಸಿಕೊಳ್ಳಬೇಕು, ಅಲ್ವಾ. "ಸಮಾಧಾನ ಮಾಡ್ಕೊಳ್ಳಿ" ಅನ್ನುವ ಮಾತು ಮಾತ್ರ ಬೇಡ, ಅದರಿಂದ ಸಮಾಧಾನ ಆದವರನ್ನು ನಾನು ನೋಡಿಲ್ಲ.

ಹೊಡೆಯುವವನು ಮೊದಲೇ ಸೂಚನೆ ಕೊಡುತ್ತಾನೆ. ಅತ್ತಿಂದಿತ್ತ ಓಡಾಡುವುದು, ಮುಷ್ಟಿ ಬಿಗಿಯುವುದು, ಮೇಜು ಗುದ್ದುವುದು, ಇಷ್ಟೊತ್ತು ಕೂಗಾಡಿದವನು ಇದ್ದಕ್ಕಿದ್ದಂತೆ ಸುಮ್ಮನಾಗುವುದು. ಕೊನೆಯದಕ್ಕೆ ನಾನು ಜಾಸ್ತಿ ಹೆದರುತ್ತೇನೆ. ಆಗ ಎರಡು ಕೈ ದೂರದಲ್ಲಿ, ಸ್ವಲ್ಪ ಓರೆಯಾಗಿ ನಿಲ್ಲಿ. ಕೈ ಕಾಣುವಂತಿರಲಿ. ದನಿ ಇಳಿಸಿ. ಒಬ್ಬರೇ ಇರಬೇಡಿ. ನಿಮ್ಮ ನಿಮ್ಮಲ್ಲೇ ಒಂದು ಗುಟ್ಟಿನ ಮಾತು ಇಟ್ಟುಕೊಂಡಿರಿ. ನಮ್ಮಲ್ಲಿ ಯಾರಾದರೂ "ಸ್ಟೋರ್ ಕೀ ತಗೊಂಡು ಬನ್ನಿ" ಅಂದರೆ ಎಲ್ಲರೂ ಬರಬೇಕು ಅಂತ ಅರ್ಥ.

ರೇಗಾಡುತ್ತಿರುವುದು ಪೇಷಂಟೇ ಆಗಿದ್ದರೆ ಇನ್ನೊಂದು ವಿಷಯ ನೆನಪಿರಲಿ. ಶುಗರ್ ಇಳಿದಿರಬಹುದು, ತಲೆಗೆ ಪೆಟ್ಟಾಗಿರಬಹುದು, ದಿನಾ ಕುಡಿಯುವವರು ಎರಡು ದಿನದಿಂದ ಕುಡಿಯದೇ ಇರಬಹುದು. ಕುಡುಕ ಅಂತ ಸುಮ್ನೆ ಬೈದು ಬಿಡಬೇಡಿ. ಹತ್ತಿರ ಹೋಗಲು ಸಾಧ್ಯವಾದ ಕೂಡಲೇ ಗ್ಲೂಕೋಮೀಟರ್ ಹಿಡಿಯಿರಿ, ಡಾಕ್ಟರನ್ನು ಕರೆಯಿರಿ.

ಸಾವಿನ ಸುದ್ದಿಯನ್ನು ಕಾರಿಡಾರಿನಲ್ಲಿ ನಿಂತು ಹೇಳಬಾರದು. ಒಬ್ಬರೇ ಜೂನಿಯರ್ ಹೇಳುವುದಂತೂ ಬೇಡವೇ ಬೇಡ. ಹತ್ತಿರದ ಇಬ್ಬರನ್ನು ಒಳಗೆ ಕರೆದು, ಕೂರಿಸಿ, ಸೀನಿಯರ್ ಡಾಕ್ಟರ್ "ತೀರಿಕೊಂಡರು" ಅಂತ ನೇರವಾಗಿ ಹೇಳಲಿ. ಬಿಲ್ಲಿನ ಮಾತು ಆಮೇಲೆ.

ಕೈ ಎತ್ತಿಯೇ ಬಿಟ್ಟರೆ? ಹೊರಗೆ ಹೋಗಿ. ಧೈರ್ಯ ತೋರಿಸುವ ಹೊತ್ತಲ್ಲ ಅದು. ಬಾಗಿಲಿರುವ ರೂಮಿಗೆ ಹೋಗಿ ಚಿಲಕ ಹಾಕಿ 112ಕ್ಕೆ ಫೋನ್ ಮಾಡಿ. ಮೇಜಿನ ಮೇಲೆ ಬಿಟ್ಟ ಮೊಬೈಲಿಗೋ ಕೇಸ್ ಶೀಟಿಗೋ ವಾಪಸ್ ಹೋಗಬೇಡಿ.

ಆಮೇಲೆ ಬರುವುದು ರಾಜಿ. ಮೊದಲು ನಾನಿದ್ದ ಕಡೆ ಒಬ್ಬ ನನ್ನ ಕೈ ತಿರುಚಿದ್ದ. "ಬಿಡಮ್ಮ, ಪಾಪ ಸಾವಿನ ಮನೆಯವರು, ಆಸ್ಪತ್ರೆ ಹೆಸರು ಕೆಡುತ್ತೆ" ಅಂತ ಆಸ್ಪತ್ರೆಯವರೇ ಅಂದರು, ಟೀ ಕುಡಿಸಿದರು. ನಾನೂ ಬಿಟ್ಟೆ. ರಿಜಿಸ್ಟರಿನಲ್ಲಿ ಆ ರಾತ್ರಿಯ ಬಗ್ಗೆ ಒಂದು ಸಾಲೂ ಇಲ್ಲ. ಮುಂದಿನ ಸಲ ಸೆಕ್ಯೂರಿಟಿ ಜಾಸ್ತಿ ಮಾಡಿ ಅಂತ ಕೇಳಿದಾಗ "ಇಲ್ಲಿ ಅಂಥದ್ದೇನೂ ಆಗಿಲ್ಲವಲ್ಲ" ಅಂದರು!

ಅದಕ್ಕೇ ಈಗ ಹೇಳುತ್ತೇನೆ. ಗಾಯ ಚಿಕ್ಕದಾದರೂ ಡಾಕ್ಟರಿಗೆ ತೋರಿಸಿ ಎಂಎಲ್‌ಸಿ (ಪೊಲೀಸರಿಗೆ ತಿಳಿಸುವ ಗಾಯದ ದಾಖಲೆ) ಮಾಡಿಸಿ, ಫೋಟೋ ತೆಗೆಸಿ. ಹರಿದ ಯೂನಿಫಾರ್ಮ್ ಒಗೆಯಬೇಡಿ. ಸಿಸಿಟಿವಿಯಲ್ಲಿ ಹಳೆಯದು ಅಳಿಸಿಹೋಗುತ್ತದೆ, ಅವತ್ತೇ ಬರವಣಿಗೆಯಲ್ಲಿ ಕೇಳಿ. ಹೊಡೆದವನು ಏನಂದ ಅನ್ನುವುದನ್ನು ಅವನದೇ ಮಾತಿನಲ್ಲಿ ಬರೆಯಿರಿ, ಬೈಗುಳವನ್ನೂ ಸೇರಿಸಿ. ಕರ್ನಾಟಕದಲ್ಲಿ ಇದಕ್ಕೆಂದೇ 2009ರ ಕಾನೂನಿದೆ. ಅದು ಡಾಕ್ಟರಿಗೆ ಮಾತ್ರವಲ್ಲ, ನರ್ಸ್‌ಗಳಿಗೂ ವಿದ್ಯಾರ್ಥಿಗಳಿಗೂ ಅನ್ವಯಿಸುತ್ತದೆ, ಅಪರಾಧ ಜಾಮೀನುರಹಿತ. ಠಾಣೆಗೆ ಒಬ್ಬರೇ ಹೋಗಬೇಡಿ, ದೂರು ಆಸ್ಪತ್ರೆಯ ಹೆಸರಿನಲ್ಲೇ ಹೋಗಲಿ. ಕೋಲ್ಕತ್ತದ ಆರ್‌.ಜಿ. ಕರ್ ಆಸ್ಪತ್ರೆಯಲ್ಲಿ ಟ್ರೈನಿ ಡಾಕ್ಟರೊಬ್ಬಳ ಅತ್ಯಾಚಾರ, ಕೊಲೆ ನಡೆದ ನಂತರ, 2024ರ ಆಗಸ್ಟ್‌ನಲ್ಲಿ, ಆರು ಗಂಟೆಯೊಳಗೆ ಸಂಸ್ಥೆಯ ಮುಖ್ಯಸ್ಥರೇ ಎಫ್‌ಐಆರ್ ಮಾಡಿಸಬೇಕು ಅಂತ ಕೇಂದ್ರದಿಂದ ಸೂಚನೆ ಬಂತು. ಅದು ಕೇಂದ್ರದ ಆಸ್ಪತ್ರೆಗಳಿಗೆ ಕಳಿಸಿದ್ದು ನಿಜ, ಆದರೂ ನಿಮ್ಮ ಮೇಲಿನವರ ಮುಂದೆ ಇಡಿ.

ಪೆಟ್ಟು ತಿಂದವಳು ನಿಮ್ಮ ಜೊತೆಯವಳಾಗಿದ್ದರೆ, "ನೀನೇನಂದೆ ಅವನಿಗೆ?" ಅಂತ ಕೇಳಬೇಡಿ. ಊಟ ಆಯ್ತಾ ಅಂತ ಕೇಳಿ, ಉಳಿದ ಡ್ಯೂಟಿ ನೀವು ನೋಡಿಕೊಳ್ಳಿ, ಬೆಳಗ್ಗೆ ಮೊದಲ ಬಸ್ಸಿಗೆ ಅವಳನ್ನು ಒಬ್ಬಳೇ ಕಳಿಸಬೇಡಿ.