ಡಿಟಿಎಚ್ ಹಾಕಿಸುವ ಮುಂಚೆ ಬಾಲ್ಕನಿಯಲ್ಲಿ ನಿಂತು ತಲೆ ಎತ್ತಿ ನೋಡಿ

ನಮ್ಮ ಅಪಾರ್ಟ್‌ಮೆಂಟಿನ ಉತ್ತರದ ಗೋಡೆಯಲ್ಲಿ ಏಳು ಖಾಲಿ ಬ್ರಾಕೆಟ್‌ಗಳು ತುಕ್ಕು ಹಿಡಿದು ನಿಂತಿವೆ. ಏಳರದ್ದೂ ಒಂದೇ ಕತೆ. ಹೊಸದಾಗಿ ಬಂದವರು ಮೊದಲು ಕಂಪನಿಗೆ ಫೋನ್ ಮಾಡುತ್ತಾರೆ, ದುಡ್ಡು ಕಟ್ಟುತ್ತಾರೆ. ಹುಡುಗ ಡ್ರಿಲ್ ಹಿಡಿದು ಬಂದು ಗೋಡೆ ಕೊರೆಯುತ್ತಾನೆ. ಒಂದು ಗಂಟೆ ಡಿಶ್ಶನ್ನು ಅತ್ತ ಇತ್ತ ತಿರುಗಿಸಿ, ‘ಇಲ್ಲಿ ಸಿಗ್ನಲ್ ಬರಲ್ಲ ಸಾರ್, ಟೆರೇಸಿಗೆ ಪರ್ಮಿಷನ್ ತಗೊಳ್ಳಿ’ ಅಂತ ಹೇಳಿ ಹೊರಡುತ್ತಾನೆ. ಬ್ರಾಕೆಟ್ ಅಲ್ಲೇ ಉಳಿಯುತ್ತದೆ. ಆ ಏಳರಲ್ಲಿ ಒಂದು ನನ್ನದು.

‘ಈ ಕಾಲದಲ್ಲಿ ಡಿಶ್ ಯಾಕೆ, ಇಂಟರ್ನೆಟ್ಟಿನಲ್ಲೇ ಎಲ್ಲ ಬರುತ್ತಲ್ಲ’ ಎಂದು ಕೇಳುವವರಿಗೆ ನಮ್ಮ ಅಮ್ಮನನ್ನು ಭೇಟಿ ಮಾಡಿಸುತ್ತೇನೆ. ರಿಮೋಟಿನಲ್ಲಿ ನಂಬರ್ ಒತ್ತಿದರೆ ಚಾನೆಲ್ ಬರಬೇಕು, ಅಷ್ಟೇ ಅವರ ಬೇಡಿಕೆ. ಫೈಬರ್ ಕಡಿದು ಹೋದ ದಿನ ಸಂಜೆ ಧಾರಾವಾಹಿ ತಪ್ಪಿದರೆ ರಾತ್ರಿ ಊಟದ ರುಚಿಯೂ ಕೆಡುತ್ತದೆ.

ಮುಂದೆ ಕೊಟ್ಟಿರುವ ಕೋನಗಳೆಲ್ಲ ಬೆಂಗಳೂರಿನ ಲೆಕ್ಕ. ಮೈಸೂರು, ತುಮಕೂರು, ಕೋಲಾರದವರಿಗೆ ಕೆಲವೇ ಡಿಗ್ರಿ ಆಚೀಚೆ.

1. ದಿಕ್ಕು ನೋಡಿ

ಟಿವಿ ಉಪಗ್ರಹಗಳು ಭೂಮಧ್ಯ ರೇಖೆಯ ಮೇಲೆ, ಸುಮಾರು 36,000 ಕಿ.ಮೀ. ಎತ್ತರದಲ್ಲಿವೆ. ನಾವಿರುವುದು ಆ ರೇಖೆಗೆ ಉತ್ತರದಲ್ಲಿ, ಹಾಗಾಗಿ ಡಿಶ್ ದಕ್ಷಿಣಕ್ಕೆ ನೋಡಬೇಕು. ನಮ್ಮ ಡಿಟಿಎಚ್ ಉಪಗ್ರಹಗಳೆಲ್ಲ ಬೆಂಗಳೂರಿಗಿಂತ ಪೂರ್ವಕ್ಕೂ ಇರುವುದರಿಂದ ಬೇಕಾದದ್ದು ದಕ್ಷಿಣ ಮತ್ತು ಪೂರ್ವದ ನಡುವಿನ ಆಕಾಶ. ಬಾಲ್ಕನಿ ಉತ್ತರಕ್ಕೋ ಪಶ್ಚಿಮಕ್ಕೋ ಇದ್ದರೆ ಎರಡು ಮತ್ತು ಮೂರನೇ ಹಂತ ಬಿಟ್ಟು ನೇರವಾಗಿ ನಾಲ್ಕಕ್ಕೆ ಹೋಗಿ. ಯಾರು ಏನೇ ಭರವಸೆ ಕೊಟ್ಟರೂ ಗೋಡೆ ಕೊರೆಸಬೇಡಿ.

ಮೊಬೈಲಿನ ದಿಕ್ಸೂಚಿಯನ್ನು ಸ್ಟೀಲ್ ರೇಲಿಂಗ್ ಪಕ್ಕ ಹಿಡಿದರೆ ಅದು ಸುಳ್ಳು ಹೇಳುತ್ತದೆ. ಕೆಳಗಿಳಿದು ಬಯಲಿನಲ್ಲಿ ನಿಂತು ನೋಡಿ, ಇಲ್ಲವೇ ಫ್ಲಾಟ್ ಕೊಂಡಾಗ ಬಿಲ್ಡರ್ ಕೊಟ್ಟ ನಕ್ಷೆ ತೆಗೆಯಿರಿ.

2. ತಲೆ ಎತ್ತಿ ನೋಡಿ

ಎಲ್ಲರೂ ಎಡವುವುದು ಇಲ್ಲೇ. ಡಿಶ್ ಎದುರಿನ ಕಟ್ಟಡದ ಕಡೆ ಮುಖ ಮಾಡಿ ನಿಂತಿರುತ್ತದೆ, ನೋಡಿದವರು ಸಿಗ್ನಲ್ ಕೂಡ ಆ ಕಡೆಯಿಂದಲೇ ಬರುತ್ತದೆ ಅಂದುಕೊಳ್ಳುತ್ತಾರೆ. ಮನೆಗೆ ಹಾಕುವ ಸಣ್ಣ ಡಿಶ್‌ಗಳು ಆಫ್‌ಸೆಟ್ ಮಾದರಿಯವು. ಅವು ನೋಡುವುದು ಮುಖ ಇರುವ ಕಡೆಗಲ್ಲ, ಅದಕ್ಕಿಂತ ಸುಮಾರು 22ರಿಂದ 25 ಡಿಗ್ರಿ ಮೇಲಕ್ಕೆ. ಬೆಂಗಳೂರಿನಲ್ಲಿ ಟಾಟಾ ಪ್ಲೇ ಉಪಗ್ರಹ ದಿಗಂತದಿಂದ ಸುಮಾರು 73 ಡಿಗ್ರಿ ಎತ್ತರದಲ್ಲಿದೆ. ಅಂದರೆ ಹೆಚ್ಚುಕಡಿಮೆ ನೆತ್ತಿಯ ಮೇಲೆ. ಎದುರಿನ ಕಟ್ಟಡ ಇಪ್ಪತ್ತು ಮಹಡಿಯಿದ್ದರೂ ಚಿಂತೆಯಿಲ್ಲ. ನಿಮ್ಮ ಶತ್ರು ಮೇಲಿನ ಮನೆಯವರ ಬಾಲ್ಕನಿ ಸ್ಲ್ಯಾಬ್.

ಯೂಟ್ಯೂಬ್ ನೋಡಿ ಡಿಶ್ ಹಾಕುವವರಿಗೆ ಒಂದು ಮಾತು. ಹಿಂದಿಯಲ್ಲಿರುವ ಬಹಳಷ್ಟು ವಿಡಿಯೊಗಳು ಉತ್ತರ ಭಾರತದ ಲೆಕ್ಕದವು. ಇದೇ ಉಪಗ್ರಹ ದೆಹಲಿಯಿಂದ ನೋಡಿದರೆ ಸುಮಾರು 56 ಡಿಗ್ರಿ ಎತ್ತರದಲ್ಲಿದೆ. ಅವರು ತೋರಿಸಿದಷ್ಟೇ ಬಾಗಿಸಿ ಇಲ್ಲಿ ಕೂತರೆ ಬೆಳಗಾದರೂ ಸಿಗ್ನಲ್ ಸಿಗದು.

ಈಗ ಟೇಪು ಹಿಡಿಯಿರಿ. ಡಿಶ್ಶಿನ ನಡುಭಾಗ ಬರುವ ಜಾಗದಿಂದ ಮೇಲಿನ ಸ್ಲ್ಯಾಬಿಗೆ ಸಾಮಾನ್ಯವಾಗಿ ಆರು ಅಡಿ ಇರುತ್ತದೆ. ಬಾಲ್ಕನಿ ನೇರ ಪೂರ್ವಕ್ಕಿದ್ದರೆ, ಸ್ಲ್ಯಾಬಿನ ಅಂಚಿನಿಂದ ಎಷ್ಟು ಒಳಗೆ ಸಿಗ್ನಲ್ ಬೀಳುತ್ತದೆ ಎಂಬುದು ಉಪಗ್ರಹದ ಮೇಲೆ ನಿಂತಿದೆ. ಟಾಟಾ ಪ್ಲೇ ಇರುವ 83 ಡಿಗ್ರಿ ಪೂರ್ವ ರೇಖಾಂಶದ್ದು ಮುಕ್ಕಾಲು ಅಡಿಯೂ ಒಳಗೆ ಬರುವುದಿಲ್ಲ. ಸನ್ ಡೈರೆಕ್ಟ್ ಮತ್ತು ಡಿಡಿ ಫ್ರೀ ಡಿಶ್ ಎರಡೂ ಇರುವ 93.5 ಡಿಗ್ರಿಯದ್ದು ಎರಡು ಅಡಿ ಬರುತ್ತದೆ. ಏರ್‌ಟೆಲ್ಲಿನ 108.2 ಡಿಗ್ರಿಯದ್ದು ನಾಲ್ಕು ಅಡಿ ದಾಟಿ ಬರುತ್ತದೆ, ಏಕೆಂದರೆ ಅದು ಆಕಾಶದಲ್ಲಿ ಕೆಳಗಿದೆ, ಎತ್ತರ ಸುಮಾರು 52 ಡಿಗ್ರಿ ಮಾತ್ರ. ಈ ಅಳತೆಯಿಂದ ಡಿಶ್ಶಿನ ಅರ್ಧ ಅಗಲ, ಅಂದರೆ ಒಂದು ಅಡಿ, ಕಳೆಯಲು ಮರೆಯಬೇಡಿ. ಡಿಶ್ಶಿನ ಮೇಲಿನ ಅಂಚಿಗೂ ಸಿಗ್ನಲ್ ಬೀಳಬೇಕಲ್ಲ!

ಬಾಲ್ಕನಿ ನೇರ ದಕ್ಷಿಣಕ್ಕಿದ್ದರೆ ಲೆಕ್ಕ ಬೇರೆ. ಯಾವ ಉಪಗ್ರಹವಾದರೂ ಸಿಗ್ನಲ್ ಒಳಬರುವುದು ಒಂದೂವರೆ ಅಡಿಗೆ ತುಸು ಮೇಲೆ, ಎಲ್ಲಕ್ಕೂ ಅಷ್ಟೇ. ಆದರೆ ಏರ್‌ಟೆಲ್ಲಿನದು ಎಡಗಡೆಯಿಂದ ಓರೆಯಾಗಿ ಬರುವುದರಿಂದ ಬಾಲ್ಕನಿಯ ಎಡಬದಿಯ ಗೋಡೆ ಅದನ್ನು ತಡೆಯುತ್ತದೆ.

ಲೆಕ್ಕ ಬೇಡ ಅನ್ನುವವರಿಗೆ ಸೂರ್ಯನೇ ಹೇಳಿಕೊಡುತ್ತಾನೆ. ಮಾರ್ಚ್ 15ರ ಆಸುಪಾಸಿನಲ್ಲಿ ಸೂರ್ಯ ಈ ಉಪಗ್ರಹಗಳ ಬೆನ್ನ ಹಿಂದೆಯೇ ಹಾದುಹೋಗುತ್ತಾನೆ. 108.2ರ ಹಿಂದೆ ಬೆಳಗ್ಗೆ ಸುಮಾರು 10 ಗಂಟೆ 10 ನಿಮಿಷಕ್ಕೆ, 93.5ರ ಹಿಂದೆ 11.15ಕ್ಕೆ, 83ರ ಹಿಂದೆ 12ಕ್ಕೆ ಇರುತ್ತಾನೆ. ಸೆಪ್ಟೆಂಬರ್ ಕೊನೆಯಲ್ಲಿ ಮತ್ತೊಮ್ಮೆ ಹೀಗೇ ಆಗುತ್ತದೆ, ಆಗ ಈ ಹೊತ್ತುಗಳಿಂದ ಇಪ್ಪತ್ತು ನಿಮಿಷ ಕಳೆಯಿರಿ. ಆ ಹೊತ್ತಿಗೆ ಬಾಲ್ಕನಿಯಲ್ಲಿ ಎಲ್ಲಿ ಬಿಸಿಲು ಬೀಳುತ್ತದೋ ಅಲ್ಲಿ ಸಿಗ್ನಲ್ಲೂ ಬೀಳುತ್ತದೆ, ನೆರಳಿದ್ದಲ್ಲಿ ಇಲ್ಲ. ಒಂದು ವಾರ ಹಿಂದುಮುಂದಾದರೂ ನಡೆಯುತ್ತದೆ. ಉತ್ತರದ ಗೋಡೆ ಕೈಕೊಟ್ಟ ಮೇಲೆ, ಮನೆಯ ಇನ್ನೊಂದು ಬಾಲ್ಕನಿಯಲ್ಲಿ ನಾನು ಎರಡನೇ ಸಲ ಮಾಡಿದ್ದು ಇದನ್ನೇ. ಅಮ್ಮನ ರಂಗೋಲಿ ಡಬ್ಬ ತೆಗೆದು ಬಿಸಿಲಿನ ಅಂಚಿಗೆ ಗೆರೆ ಎಳೆದೆ. ಬಿಸಿಲು ರೇಲಿಂಗಿನಿಂದ ಒಂದು ಗೇಣು ಮಾತ್ರ ಒಳಗೆ ಬಂದಿತ್ತು. ಮೊದಲ ಸಲ ಡಿಶ್ ನಿಲ್ಲಿಸಲು ನಾನು ಆರಿಸಿದ್ದ ಇನ್ನೊಂದು ಜಾಗ ಆ ಗೆರೆಯಿಂದ ಮೂರು ಅಡಿ ಒಳಗಿತ್ತು. (ಅದೇ ದಿನಗಳಲ್ಲಿ, ಅದೇ ಹೊತ್ತಿಗೆ, ಕೆಲವು ನಿಮಿಷ ಚಿತ್ರ ಕೆಡುವುದೂ ಉಂಟು. ಸೂರ್ಯನ ಗದ್ದಲದಲ್ಲಿ ಉಪಗ್ರಹದ ಮಾತು ಕೇಳಿಸದಂತಾಗುತ್ತದೆ, ಅಷ್ಟೇ. ಸರ್ವಿಸ್ ಸೆಂಟರಿಗೆ ಫೋನ್ ಮಾಡಿ ಕಾಯಬೇಡಿ.)

ಬೇರೆ ತಿಂಗಳುಗಳಲ್ಲಿ ಮಕ್ಕಳ ಜ್ಯಾಮಿಟ್ರಿ ಬಾಕ್ಸಿನ ಕೋನಮಾಪಕಕ್ಕೆ ದಾರ ಕಟ್ಟಿ, ದಾರದ ತುದಿಗೆ ಒಂದು ನಟ್ಟು ಇಳಿಬಿಟ್ಟು ಎತ್ತರದ ಕೋನ ಅಳೆಯಬಹುದು. ಮೊಬೈಲಿನ ಕ್ಯಾಮೆರಾದಲ್ಲಿ ಉಪಗ್ರಹದ ಜಾಗ ತೋರಿಸುವ ಆ್ಯಪ್‌ಗಳೂ ಇವೆ, ಆದರೆ ದಿಕ್ಸೂಚಿಯ ಸುಳ್ಳು ಅಲ್ಲೂ ಇಣುಕುತ್ತದೆ.

ಪಾರಿವಾಳ ತಡೆಯುವ ನೈಲಾನ್ ಬಲೆ ಅಡ್ಡಿಯಲ್ಲ. ಬಾಲ್ಕನಿಗೆ ಗಾಜು ಹಾಕಿಸಿದ್ದರೆ, ಅದರಲ್ಲೂ ಕನ್ನಡಿಯಂತೆ ಹೊಳೆಯುವ ಬಣ್ಣದ ಗಾಜಾದರೆ, ಅದರ ಹಿಂದೆ ಡಿಶ್ ಇಡುವ ಆಸೆ ಬಿಡಿ.

3. ಈಗ ಕಂಪನಿ ಆರಿಸಿ

ಪ್ಯಾಕ್, ಆಫರ್ ಎಲ್ಲ ಆಮೇಲೆ. ಪೂರ್ವದ ಬಾಲ್ಕನಿಯಾದರೆ ಏರ್‌ಟೆಲ್, ಡಿಶ್ ಟಿವಿ (95 ಡಿಗ್ರಿ), ಸನ್ ಡೈರೆಕ್ಟ್ ನೋಡಿ. ದಕ್ಷಿಣದ್ದಾದರೆ ಟಾಟಾ ಪ್ಲೇ ಅಥವಾ 88 ಡಿಗ್ರಿಯ ಡಿ2ಎಚ್. ತಿಂಗಳ ಬಾಡಿಗೆಯೇ ಬೇಡ, ಚಂದನ ಬಂದರೆ ಸಾಕು ಅನ್ನುವ ಹಿರಿಯರಿಗೆ ಡಿಡಿ ಫ್ರೀ ಡಿಶ್. ಸನ್ ಡೈರೆಕ್ಟಿಗೆ ಇಟ್ಟ ಡಿಶ್ಶೇ ಇದಕ್ಕೂ ಸಾಕು, ಎರಡೂ ಒಂದೇ ಉಪಗ್ರಹದಿಂದ ಬರುತ್ತವೆ.

4. ಬಾಲ್ಕನಿ ಕೈಕೊಟ್ಟರೆ ಟೆರೇಸು

1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯ ಪ್ರಕಾರ ಛಾವಣಿ ಮತ್ತು ಮುಖ್ಯ ಗೋಡೆಗಳು ಎಲ್ಲರಿಗೂ ಸೇರಿದ ಜಾಗ. ಹಾಗಾಗಿ ಸಂಘಕ್ಕೆ ಅರ್ಜಿ ಬರೆಯಿರಿ, ಬಾಯಿಮಾತಿನಲ್ಲಿ ಮುಗಿಸಬೇಡಿ. ‘ಟೆರೇಸ್ ಸ್ಲ್ಯಾಬಿಗೆ ತೂತು ಹೊಡೆಯುವುದಿಲ್ಲ’ ಎಂಬ ಒಂದು ಸಾಲು ಅರ್ಜಿಯಲ್ಲಿ ಇರಲಿ. ಸಮಿತಿಯವರು ಹೆದರುವುದು ಅದಕ್ಕೇ, ಹೆದರಿಕೆ ನ್ಯಾಯವೂ ಹೌದು. ವಾಟರ್‌ಪ್ರೂಫಿಂಗ್‌ಗೆ ಒಂದು ಆ್ಯಂಕರ್ ಬೋಲ್ಟ್ ಇಳಿದರೆ ಮುಂದಿನ ಮಳೆಗಾಲಕ್ಕೆ ಕೊನೆ ಮಹಡಿಯವರ ಸೀಲಿಂಗಿನಲ್ಲಿ ನಕ್ಷೆ ಮೂಡುತ್ತದೆ. ಡಿಶ್ಶಿನ ಕಾಲನ್ನು ಕಬ್ಬಿಣದ ಚೌಕಟ್ಟಿಗೆ ಬೋಲ್ಟ್ ಮಾಡಿ, ಚೌಕಟ್ಟಿನ ಮೇಲೆ ನಾಲ್ಕು ಸೈಜುಗಲ್ಲು ಹೇರಿದರೆ ಸಾಕು. ಸೋಲಾರ್ ವಾಟರ್ ಹೀಟರಿನ ಸ್ಟ್ಯಾಂಡಿಗೆ ತಂತಿಯಿಂದ ಕಟ್ಟುವುದನ್ನು ಮಾತ್ರ ಯಾವ ಕಾರಣಕ್ಕೂ ಒಪ್ಪಬೇಡಿ. ಗಾಳಿಗೆ ಸ್ಟ್ಯಾಂಡ್ ಅಲುಗಿದಾಗಲೆಲ್ಲ ಟಿವಿ ನಿಲ್ಲುತ್ತದೆ.

ಮಹಡಿಯಲ್ಲಿ ಹತ್ತು ಮನೆಗೆ ಡಿಶ್ ಬೇಕಿದ್ದರೆ ಹತ್ತು ಡಿಶ್ ಯಾಕೆ? ನಾಲ್ಕು ಔಟ್‌ಪುಟ್ ಇರುವ ಎಲ್‌ಎನ್‌ಬಿ (ಡಿಶ್ಶಿನ ಮುಂದೆ ತೋಳಿನ ತುದಿಯಲ್ಲಿ ಕೂತು ಸಿಗ್ನಲ್ ಹಿಡಿಯುವ ಪುಟ್ಟ ಡಬ್ಬಿ) ಹಾಕಿದರೆ ಒಂದೇ ಡಿಶ್ಶಿನಿಂದ ನಾಲ್ಕು ಮನೆಗೆ ಬೇರೆ ಬೇರೆ ಕೇಬಲ್ ಹೋಗುತ್ತದೆ. ಇಡೀ ಬ್ಲಾಕಿಗಾದರೆ ಒಂದೇ ಡಿಶ್ಶಿನ ಸಿಗ್ನಲ್ಲನ್ನು ಹಲವು ಮನೆಗೆ ಹಂಚುವ ಮಲ್ಟಿಸ್ವಿಚ್ ಇದೆ. ಬಾಕ್ಸು, ರೀಚಾರ್ಜು ಅವರವರದ್ದೇ. ಎಲ್ಲರೂ ಒಂದೇ ಕಂಪನಿಗೆ ಒಪ್ಪಬೇಕು ಅನ್ನುವುದೊಂದೇ ತೊಡಕು. ಆ ಸಭೆಗೆ ಎರಡು ಭಾನುವಾರ ಎತ್ತಿಡಿ.

5. ಗಟ್ಟಿ ಮಾಡಿ

ಗೋಡೆ ಹಗುರ ಎಎಸಿ ಬ್ಲಾಕಿನದ್ದಾದರೆ (ಒಳಗೆಲ್ಲ ಗಾಳಿಗುಳ್ಳೆ ತುಂಬಿದ ಸಿಮೆಂಟ್ ಬ್ಲಾಕು) ಮಾಮೂಲಿ ಫಾಸ್ಟನರ್ ನಿಲ್ಲುವುದಿಲ್ಲ, ಬ್ಲಾಕು ಪುಡಿಯಾಗುತ್ತದೆ. ಕಾಂಕ್ರೀಟಿನ ಕಂಬವನ್ನೋ ತೊಲೆಯನ್ನೋ ಹುಡುಕಿ, ಅದಕ್ಕೇ 10 ಎಂಎಂ ಆ್ಯಂಕರ್ ಹಾಕಿಸಿ. ಗಾಜಿನ ರೇಲಿಂಗಿಗೆ ಬೇಡವೇ ಬೇಡ. ಹದಿನಾಲ್ಕನೇ ಮಹಡಿಯಿಂದ ಡಿಶ್ ಬಿದ್ದರೆ ಕೆಳಗೆ ಯಾರಿರುತ್ತಾರೋ! ಡಿಶ್ಶಿನ ಹಿಂಬದಿಯಿಂದ ಮನೆಯೊಳಗಿನ ಗಟ್ಟಿ ಜಾಗಕ್ಕೆ ಒಂದು ಸ್ಟೀಲ್ ಕೇಬಲ್ ಕಟ್ಟಿಸಿ. ಟೆಕ್ನೀಷಿಯನ್ ನಗುತ್ತಾನೆ, ನಗಲಿ.

ಕಂಬ ನೆಟ್ಟಗಿದೆಯಾ ಎಂದು ಸ್ಪಿರಿಟ್ ಲೆವೆಲ್ ಇಟ್ಟು ಎರಡು ಕಡೆಯಿಂದ ನೋಡಿ. ಕಂಬ ವಾಲಿದ್ದರೆ ಬ್ರಾಕೆಟ್ ಮೇಲೆ ಅಚ್ಚು ಹಾಕಿದ ಡಿಗ್ರಿ ಗುರುತುಗಳೆಲ್ಲ ವ್ಯರ್ಥ.

6. ಕೇಬಲ್

ಕಿಟ್‌ನಲ್ಲಿ ಬರುವ ಕೇಬಲ್ ಬಾಲ್ಕನಿಗೆ ಸಾಕು. ಟೆರೇಸಿನಿಂದ ಇಳಿಸುವವರು ಹೊಸದು ಕೊಳ್ಳಿ, ಒಳತಂತಿ ಅಪ್ಪಟ ತಾಮ್ರದ ಆರ್‌ಜಿ-6 ಕೊಳ್ಳಿ. ಅಗ್ಗದವುಗಳಲ್ಲಿ ಕಬ್ಬಿಣದ ತಂತಿಗೆ ತಾಮ್ರ ಲೇಪಿಸಿರುತ್ತಾರೆ. ಅಯಸ್ಕಾಂತ ಹಿಡಿದರೆ ಅಂಟಿಕೊಳ್ಳುತ್ತದೆ, ಅಂಗಡಿಯಲ್ಲೇ ನೋಡಿಬಿಡಿ. ಬಾಕ್ಸು ಇದೇ ಕೇಬಲ್ ಮೂಲಕ ಎಲ್‌ಎನ್‌ಬಿಗೆ ಕರೆಂಟು ಕಳಿಸುತ್ತದೆ. ಕೆಲವು ಚಾನೆಲ್ಲಿಗೆ 13 ವೋಲ್ಟ್, ಕೆಲವಕ್ಕೆ 18. ಕಳಪೆ ಕೇಬಲ್ ಉದ್ದವಾದಷ್ಟೂ ಆ 18 ಸೋರಿಹೋಗುತ್ತದೆ, ಅರ್ಧ ಚಾನೆಲ್ ಬರುತ್ತವೆ, ಅರ್ಧ ಮಾಯವಾಗುತ್ತವೆ. ಜನ ಅದಕ್ಕೆ ರೀಚಾರ್ಜ್ ಮುಗಿದಿದೆ ಅಂದುಕೊಂಡು ಮತ್ತೆ ದುಡ್ಡು ಹಾಕುತ್ತಾರೆ. ಉದ್ದ 40 ಮೀಟರ್ ದಾಟಿದರೆ ದಪ್ಪನೆಯ ಆರ್‌ಜಿ-11 ಹಾಕಿ, ಇಲ್ಲವೇ ಲೈನ್ ಆ್ಯಂಪ್ಲಿಫೈಯರ್. ಅದನ್ನು ಡಿಶ್ ಹತ್ತಿರ ಹಾಕಬೇಕು, ಟಿವಿ ಹತ್ತಿರ ಅಲ್ಲ. ಸೊರಗಿ ಬಂದ ಸಿಗ್ನಲ್ಲನ್ನು ಕೊನೆಯಲ್ಲಿ ಹಿಗ್ಗಿಸಿದರೆ ಗದ್ದಲವೂ ಅಷ್ಟೇ ಹಿಗ್ಗುತ್ತದೆ.

ಕೇಬಲ್ ಡಕ್ಟ್‌ನಲ್ಲಿ ಇಳಿಯುವಾಗ ಪ್ರತಿ ಮಹಡಿಗೊಂದು ಕಡೆ ಕಟ್ಟಿಸಿ. ಹದಿನಾಲ್ಕು ಮಹಡಿಯ ಭಾರ ಮೇಲಿನ ಒಂದು ಕನೆಕ್ಟರಿನ ಮೇಲೆ ಜೋತಾಡಬಾರದು. ತಿರುಪಿ ಹಾಕುವ ಕನೆಕ್ಟರ್ ಬೇಡ, ಉಪಕರಣದಿಂದ ಒತ್ತಿ ಕೂರಿಸುವ ಕಂಪ್ರೆಷನ್ ಕನೆಕ್ಟರ್ ಕೇಳಿ. ಹೊರಗಿನ ಜಾಲರಿಯ ಒಂದೇ ಒಂದು ಎಳೆ ಒಳತಂತಿಗೆ ತಾಗಿದರೂ ಶಾರ್ಟ್ ಆಗುತ್ತದೆ, ಅದಕ್ಕೇ ಬಾಕ್ಸಿನ ಪ್ಲಗ್ ಕಿತ್ತೇ ಈ ಕೆಲಸ ಮಾಡಬೇಕು. ಎಲ್‌ಎನ್‌ಬಿ ಬುಡದಲ್ಲಿ ಕೇಬಲ್ಲನ್ನು ಸ್ವಲ್ಪ ಇಳಿಬಿಟ್ಟು ಮೇಲೆತ್ತಿ, ಮಳೆನೀರು ಕೆಳಬಾಗಿನಲ್ಲೇ ತೊಟ್ಟಿಕ್ಕಿ ಹೋಗಲಿ. ಕಪ್ಪು ಇನ್ಸುಲೇಷನ್ ಟೇಪು ಸುತ್ತಿ ಬಿಟ್ಟರೆ ಒಂದು ಬೇಸಿಗೆಗೆ ಸುಲಿದು ನೇತಾಡುತ್ತದೆ.

7. ಸಿಗ್ನಲ್ ಹಿಡಿಯುವುದು

ಬಾಕ್ಸಿನ ಪರದೆಯಲ್ಲಿ ಎರಡು ಪಟ್ಟಿ ಕಾಣುತ್ತವೆ, ಸ್ಟ್ರೆಂತ್ ಮತ್ತು ಕ್ವಾಲಿಟಿ. ಸ್ಟ್ರೆಂತ್ ನೋಡಿ ಹಿಗ್ಗಬೇಡಿ. ತಪ್ಪು ಉಪಗ್ರಹದ ಕಡೆ ತಿರುಗಿದ್ದರೂ ಅದು ಮೇಲೇರಿರುತ್ತದೆ. ನಂಬಬೇಕಾದದ್ದು ಕ್ವಾಲಿಟಿ. ಎತ್ತರದ ಕೋನ ಮೊದಲು ಗಟ್ಟಿ ಮಾಡಿಕೊಂಡು ಡಿಶ್ಶನ್ನು ಎಡದಿಂದ ಬಲಕ್ಕೆ ಕೂದಲೆಳೆಯಷ್ಟು ತಿರುಗಿಸಿ, ಮೂರು ಎಣಿಸಿ, ಮತ್ತೆ ತಿರುಗಿಸಿ. ಬಾಕ್ಸು ನಿಧಾನಕ್ಕೆ ಉತ್ತರ ಕೊಡುತ್ತದೆ. ಅವಸರದಲ್ಲಿ ಸರಿಯಾದ ಜಾಗ ದಾಟಿಹೋದವರೇ ಜಾಸ್ತಿ. 60 ಸೆಂ.ಮೀ. ಡಿಶ್ಶಿಗೆ ಒಂದೇ ಡಿಗ್ರಿ ತಪ್ಪಿದರೂ ಕ್ವಾಲಿಟಿ ಇಳಿಯುತ್ತದೆ.

ಟೆಕ್ನೀಷಿಯನ್‌ಗಳು ಹಾರಿಸಿಬಿಡುವ ಒಂದು ಕೆಲಸ ಉಳಿದಿದೆ, ಎಲ್‌ಎನ್‌ಬಿಯನ್ನೇ ಅದರ ಹಿಡಿಕೆಯಲ್ಲಿ ತಿರುಗಿಸುವುದು. ನಮ್ಮೂರಿನಿಂದ 83 ಡಿಗ್ರಿಯ ಉಪಗ್ರಹಕ್ಕೆ ಅದು ಸುಮಾರು 22 ಡಿಗ್ರಿ ವಾಲಬೇಕು, 93.5ಕ್ಕೆ 50, 108.2ಕ್ಕೆ 65ರಷ್ಟು. ಹಿಡಿಕೆಯ ಸ್ಕ್ರೂ ಸಡಿಲಿಸಿ, ಕ್ವಾಲಿಟಿ ಪಟ್ಟಿ ನೋಡುತ್ತಾ ಅತ್ತ ಇತ್ತ ನಿಧಾನ ತಿರುಗಿಸಿ, ಅತಿ ಹೆಚ್ಚು ಬಂದಲ್ಲಿ ಬಿಗಿ ಮಾಡಿ. ಜಡಿಮಳೆಗೆ ಹತ್ತು ನಿಮಿಷ ಚಿತ್ರ ಹೋಗುವುದು ಈ ತರಂಗಗಳ ಜಾಯಮಾನ. ತುಂತುರಿಗೇ ಹೋದರೆ ಈ ಕೆಲಸ ಸರಿಯಾಗಿ ಆಗದೇ ಇರಬಹುದು.

8. ನಟ್ಟುಗಳನ್ನು ಬಿಗಿ ಮಾಡಿಸಿ, ಬ್ರಾಕೆಟ್ ಮತ್ತು ಕಂಬದ ಮೇಲೆ ಹಾದುಹೋಗುವಂತೆ ಪರ್ಮನೆಂಟ್ ಮಾರ್ಕರಿನಲ್ಲಿ ಒಂದು ಗೆರೆ ಎಳೆದಿಡಿ, ಕ್ವಾಲಿಟಿ ಪಟ್ಟಿಯ ಫೋಟೊ ತೆಗೆದಿಡಿ. ಪಾರಿವಾಳ ಕೂತು ಕೂತು ಡಿಶ್ ಕೆಳಗೆ ಬಾಗಿದ ದಿನ ಗೆರೆಗೆ ಗೆರೆ ಸೇರಿಸಿದರೆ ಐದು ನಿಮಿಷದಲ್ಲಿ ಚಾನೆಲ್ ವಾಪಸ್ಸು.